ಮಾವನ ಹೆಸರು

“ಇದರ ಹೆಸರೇನಮ್ಮ?” ಶಾಲೆಯ ಗೋಡೆಗೆ ತೂಗುಹಾಕಿದ್ದ ಘೇಂಡಾಮೃಗದ ಚಿತ್ರಕ್ಕೆ ಕೋಲು ತಾಗಿಸಿ ಕ್ರಾಡಕ್ ಕೇಳಿದರು. ಕಳ್ಳಬೇಟೆ ತಡೆಯುವುದು ಹೇಗೆಂದು ನಮ್ಮ ಜುಲು ಹಳ್ಳಿಗೆ ಕಲಿಸಲು ಡರ್ಬನ್ನಿನಿಂದ ಬಂದವರು. ಜುಲು ಭಾಷೆಯನ್ನು ಆರೇ ವಾರದಲ್ಲಿ ಕಲಿತಿದ್ದರು. ಆರು ವಾರದಲ್ಲಿ ಕಲಿಯಲಾಗದಂಥದ್ದು ನಮ್ಮಲ್ಲಿ ಏನೂ ಇಲ್ಲವೆಂದು ನಂಬಿದ್ದರು.

“ಮೂಗಿನ ಮೇಲೆ ಕೊಂಬಿರೋದು,” ಎಂದಳು ಮಾಶೇಝಿ.

“ಅದು ನನಗೂ ಕಾಣುತ್ತೆ. ಹೆಸರು?”

“ಮುಳ್ಳುಪೊದೆ ಮೇಯೋದು ಸರ್. ಕಣ್ಣು ಮಂದ, ಕಿವಿ ಚುರುಕು.”

ಹೆಂಗಸರ ಚಾಪೆಯಲ್ಲಿ ಯಾರೋ ಕಿಸಕ್ಕೆಂದರು. ಜುಲುವಿನಲ್ಲಿ ಘೇಂಡಾಮೃಗವೆಂದರೆ ಭೆಜಾನೆ. ಅವಳ ಮಾವನ ಹೆಸರೂ ಭೆಜಾನೆ. ಸೊಸೆಯಾದವಳು ಮಾವನ ಹೆಸರನ್ನು ಬಾಯಿಗೆ ತರುವಂತಿಲ್ಲ, ಅದು ಪ್ರಾಣಿಯದ್ದಾದರೂ ಸರಿ. ಹನ್ನೊಂದು ವರ್ಷದಿಂದ ಅವಳು ತಂದಿರಲಿಲ್ಲ. ಕ್ರಾಡಕ್ ಕಲಿತ ಪುಸ್ತಕದಲ್ಲಿ ಈ ಪಾಠ ಇರಲಿಲ್ಲ. ಕಾಡು ಕಾಯುವ ಕೆಲಸಕ್ಕೆ ಹೆಂಗಸರನ್ನು ಆರಿಸುವ ಪಟ್ಟಿಯಲ್ಲಿ ಅವಳ ಮುಂದೆ, ‘ಪ್ರಾಣಿಯ ಪರಿಚಯವಿಲ್ಲ’ ಎಂದು ಬರೆದುಕೊಂಡರು.

ಪರಿಚಯವೇನೋ ಇತ್ತು. ಕಳೆದ ವಾರ ಕೆರೆಯ ಬಳಿ ಕಳ್ಳಬೇಟೆಯವರು ತಾಯಿ ಘೇಂಡಾಮೃಗವನ್ನು ಕೊಂದು, ಮುಖ ಕೊಚ್ಚಿ ಕೊಂಬು ಒಯ್ದಿದ್ದರು. ಮರಿ ಮೂರು ದಿನ ಹೆಣ ಬಿಟ್ಟು ಕದಲದೆ ಕುಂಯ್‌ಗುಟ್ಟಿದ್ದನ್ನು ನೀರಿಗೆ ಹೋದ ಮಾಶೇಝಿ ಕೇಳಿದ್ದಳು. ತಾಯಿ ಸತ್ತ ಬೆಳಿಗ್ಗೆ ಮಾವ ಒಗೆಯಲು ಕೊಟ್ಟ ಪ್ಯಾಂಟಿಗೆ ಮೊಣಕಾಲಿನವರೆಗೂ ರಕ್ತ. “ಆಡು ಕೊಯ್ದೆ,” ಎಂದಿದ್ದ. ದೊಡ್ಡಿಯಲ್ಲಿ ಆಡುಗಳೆಲ್ಲ ಇದ್ದವು. ‘ಇನ್ನೊಂದು ಹೆಣ್ಣು ಉಳಿದಿದೆ, ಶುಕ್ರವಾರ ಬನ್ನಿ’ ಎಂದು ನಿನ್ನೆ ಆತ ಫೋನಿನಲ್ಲಿ ಯಾರಿಗೋ ಹೇಳಿದ್ದೂ ಅವಳ ಕಿವಿಗೆ ಬಿದ್ದಿತ್ತು. ಈಗ ಆತ ಹಸಿರು ಟೋಪಿ ಹಾಕಿಕೊಂಡು ಚಿತ್ರದ ಕೆಳಗೆ, ಕ್ರಾಡಕ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಹಳ್ಳಿಯ ವನ್ಯಜೀವಿ ರಕ್ಷಣಾ ಸಮಿತಿಗೆ ಆತನೇ ಅಧ್ಯಕ್ಷ. ಕ್ರಾಡಕ್ ಪಾಲಿಗೆ ಆತ ‘ಅಧ್ಯಕ್ಷರು’, ಅಷ್ಟೇ. ಹೆಸರು ಕೇಳುವ ಅಗತ್ಯ ಬಿದ್ದಿರಲಿಲ್ಲ.

“ಕೊಂದೋರು ಯಾರು ಅಂತ ಗೊತ್ತಿದ್ರೆ ಹೆದರದೆ ಹೇಳಿ,” ಎಂದರು ಕ್ರಾಡಕ್, ಯಾರಿಗೆ ಹೆದರಬೇಕೋ ಅವನ ಪಕ್ಕದಲ್ಲೇ ನಿಂತು.

ಮಾಶೇಝಿ ಎದ್ದಳು. ಪಕ್ಕದ ಮುದುಕಿ ಅವಳ ಶಾಲು ಹಿಡಿದೆಳೆದಳು. “ಕೂತ್ಕೊಳೇ ಹುಚ್ಚಿ! ತವರಿಗೆ ಅಟ್ತಾರೆ. ಮಕ್ಕಳನ್ನೂ ಕೊಡಲ್ಲ.”

“ಭೆಜಾನೆ,” ಎಂದಳು ಮಾಶೇಝಿ.

ಮುದುಕಿಯ ಕೈಯಿಂದ ಶಾಲು ಜಾರಿತು.

“ಅಯ್ಯೋ ತಾಯಿ, ಅದು ಸತ್ತಿದ್ದು!” ಕ್ರಾಡಕ್ ನಕ್ಕರು. “ನಾನು ಕೇಳಿದ್ದು ಕೊಂದೋರನ್ನ.”

“ನಾನು ಹೇಳ್ತಿರೋದೂ ಕೊಂದೋರನ್ನೇ ಸರ್. ಭೆಜಾನೆ.”

ಇಡೀ ಸಭೆ ಒಟ್ಟಿಗೇ ಕುರ್ಚಿಯತ್ತ ತಿರುಗಿತು. ತಾವು ತಂದ ಚಿತ್ರವನ್ನೇ ಎಲ್ಲರೂ ನೋಡುತ್ತಿದ್ದಾರೆಂದು ಕ್ರಾಡಕ್‌ಗೆ ಹಿಗ್ಗೋ ಹಿಗ್ಗು. ಹಳೆಯ ಸಾಲನ್ನು ಹೊಡೆದುಹಾಕಿ, ‘ಒಂದೇ ದಿನದಲ್ಲಿ ಹೆಸರು ಕಲಿತಳು’ ಎಂದು ಬರೆದು, “ಈಯಮ್ಮನಿಗೆ ಒಂದು ಚಪ್ಪಾಳೆ!” ಎಂದರು.

ಯಾರ ಕೈಯೂ ಏಳಲಿಲ್ಲ. ಕೊನೆಗೆ ಅಧ್ಯಕ್ಷನೊಬ್ಬನೇ, ಸೊಸೆಯ ಮುಖದಿಂದ ಕಣ್ಣು ಕೀಳದೆ, ನಿಧಾನವಾಗಿ ಚಪ್ಪಾಳೆ ತಟ್ಟತೊಡಗಿದ.