ಭಿಕ್ಷುವಿನ ವೇಷ

ಬುದ್ಧನ ಸಿನಿಮಾದಲ್ಲಿ ಗವಿರಂಗನಿಗೆ ಭಿಕ್ಷುವಿನ ವೇಷ ಸಿಕ್ಕಿತ್ತು. ಇಷ್ಟು ವರ್ಷ ಗುಂಪಿನಲ್ಲಿ ಕಳೆದುಹೋಗುತ್ತಿದ್ದವನು ಈ ಸಲ ಬುದ್ಧನ ಬೆನ್ನಿಗೇ ನಡೆಯಬೇಕಿತ್ತು. ಹಾಸಿಗೆ ಹಿಡಿದಿದ್ದ ಅವ್ವ, ಮಗನ ಮುಖವನ್ನು ಪರದೆಯ ಮೇಲೆ ಒಮ್ಮೆಯಾದರೂ ನೋಡಬೇಕೆಂದು ಆಸೆಪಟ್ಟಿದ್ದಳು.

ತಲೆ ಬೋಳಿಸಿದ ಕ್ಷೌರಿಕ ಕತ್ತಿಯನ್ನು ಮೀಸೆಯ ಹತ್ತಿರ ತಂದಾಗ ಗವಿರಂಗ ಅವನ ಕೈ ಹಿಡಿದುಕೊಂಡ.

"ಮೀಸೆ ಬೇಡಣ್ಣ. ಅವ್ವ ಇದ್ದಾಳೆ. ಹೆತ್ತೋರು ಹೋದಾಗ ತಾನೆ ನಮ್ಮಲ್ಲಿ ಮೀಸೆ ತೆಗೆಯೋದು?"

"ಮೀಸೆ ಬಿಟ್ಕೊಂಡಿರೋ ಭಿಕ್ಷುನ ಎಲ್ಲಾದ್ರೂ ಕಂಡಿದ್ದೀಯೇನೋ? ಬುದ್ಧನೇ ಬಿಟ್ಟಿರಲಿಲ್ಲ."

"ಅವನಿಗೇನು, ಹುಟ್ಟಿದ ವಾರಕ್ಕೇ ತಾಯಿ ತೀರಿಕೊಂಡಿದ್ಲು."

"ಹಂಗಾದ್ರೆ ಎದ್ದು ಹೋಗು. ಈ ವೇಷಕ್ಕೆ ಹೊರಗೆ ಸಾಲು ನಿಂತವ್ರೆ."

ಗವಿರಂಗ ಕೈ ಬಿಟ್ಟು ಕಣ್ಣು ಮುಚ್ಚಿಕೊಂಡ.

ಶೂಟಿಂಗ್ ಮುಗಿಯುವವರೆಗೆ ಎಲ್ಲರ ಫೋನುಗಳನ್ನೂ ತೆಗೆದಿಟ್ಟುಕೊಂಡಿದ್ದರು. ಸಂಜೆ ಕೈಗೆ ಬಂದ ಫೋನಿನಲ್ಲಿ ಚಾರ್ಜು ಇರಲಿಲ್ಲ. ಊರಿನ ಬಸ್ಸಿನಲ್ಲಿ ಅವನು ತಲೆಗೆ ಟವೆಲ್ ಸುತ್ತಿ, ಅದರ ತುದಿಯಿಂದ ಬಾಯಿ ಮುಚ್ಚಿಕೊಂಡು ಕುಳಿತ. ಅವ್ವ ನೋಡಿದರೆ, ನಾನಿನ್ನೂ ಬದುಕಿದ್ದೀನಲ್ಲೋ ಎಂದು ನೊಂದುಕೊಳ್ಳುತ್ತಾಳೆ. ಮೀಸೆ ಚಿಗುರುವವರೆಗೆ ಅವಳೆದುರು ಟವೆಲ್ ತೆಗೆಯಬಾರದು ಎಂದುಕೊಂಡ.

ಮನೆಯ ಬಾಗಿಲಲ್ಲಿ ಸೋದರಮಾವ ಎದುರಾದ. ಅವನೇ ಟವೆಲ್ ಸರಿಸಿ, ಅಳಿಯನ ಮುಖವನ್ನು ದಿಟ್ಟಿಸಿ, ಬೋಳುತಲೆಯ ಮೇಲೆ ಕೈಯಿಟ್ಟ.

"ಮೀಸೆನೂ ತೆಗೆಸ್ಕೊಂಡೇ ಬಂದ್ಯಾ ಮಗ? ಬೆಳಗ್ಗೆಯಿಂದ ನಿನ್ನ ಫೋನ್ ಹತ್ತಲೇ ಇಲ್ಲ. ಸುದ್ದಿ ಯಾರು ಮುಟ್ಟಿಸಿದ್ರು?"