ತಾಯಣ್ಣನ ಬಾಣಂತನ

ಕೊರೊನಾ ಪರೀಕ್ಷೆಯ ವರದಿ ಬಂದಾಗ ಮೂಕಮ್ಮನದು ಪಾಸಿಟಿವ್, ತಾಯಣ್ಣನದು ನೆಗೆಟಿವ್. ರಾಯಚೂರಿನ ಲ್ಯಾಬಿನ ಹೊರಗೆ ಗಂಡ ಹೆಂಡತಿ ಹತ್ತು ಮಾರು ದೂರ ನಿಂತು ಮಾತಾಡಿಕೊಂಡರು. ಎಂಟು ದಿನದಿಂದ ದೇವದುರ್ಗದಲ್ಲೇ ಉಳಿದು ಗೌಂಡಿ ಕೆಲಸ ಮಾಡುತ್ತಿದ್ದ ಅವನು ಇನ್ನೂ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಮರುದಿನವೇ ಹೈದರಾಬಾದಿನಿಂದ ದೋಹಾಕ್ಕೆ ವಿಮಾನ. ಅಲ್ಲಿ ನರ್ಸ್ ಆಗಿದ್ದ ಮಗಳು ವಿಶಾಖಾಗೆ ದಿನ ತುಂಬಿತ್ತು.

“ಟಿಕೆಟ್ ವಾಪಸ್ ಮಾಡೋಣು,” ಎಂದ ತಾಯಣ್ಣ. “ನೀ ಇಲ್ಲದ ನಾ ಒಬ್ಬಾಂವ ಹೋಗಿ ಏನ್ ಮಾಡ್ಲಿ?”

“ಬಾಣಂತನ ಮಾಡು.”

“ನಾನಾ?”

“ಮತ್ಯಾರು? ಅಳಿಯಗ ಕೊರೊನಾ ವಾರ್ಡಿನ್ಯಾಗ ಡ್ಯೂಟಿ. ಈ ವಾರ ಆ ದೇಶದವ್ರು ಒಳಗ ಬಿಡ್ತೀವಿ ಅಂದಾರ, ಮುಂದಿನ ವಾರ ಬಾಗಿಲ ಹಾಕಿದ್ರ? ಕೂಸಿಗೆ ನೀರು ಎರಿಯಾಕ ಬರಂಗಿಲ್ಲಂದ್ರ ಕಲಿ. ಫೋನಿನ್ಯಾಗ ನಾ ಹೇಳಿಕೊಡ್ತೀನಿ.” ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ತಾಯಣ್ಣ ಮುಂದೆ ಹೆಜ್ಜೆ ಇಟ್ಟದ್ದನ್ನು ಕಂಡು ಅಲ್ಲೇ ನಿಲ್ಲೆಂದು ಕೈ ಮಾಡಿದಳು.

ದೋಹಾದಲ್ಲಿ ಇಳಿದವನನ್ನು ಹತ್ತು ದಿನ ಹೋಟೆಲ್ ಕೋಣೆಯೊಂದರಲ್ಲಿ ಕೂಡಿಹಾಕಿದರು. ಎರಡನೆಯ ದಿನವೇ ವಿಶಾಖಾಗೆ ಆಪರೇಷನ್ ಆಗಿ ಹೆಣ್ಣು ಕೂಸು ಹುಟ್ಟಿತು. ಊರಲ್ಲಿ ಜ್ವರ ಬಿಟ್ಟು ಎದ್ದು ಕೂತ ಮೂಕಮ್ಮ ದಿನಾ ಬೆಳಿಗ್ಗೆ ವಿಡಿಯೊ ಕಾಲ್ ಮಾಡಿ ಪಾಠ ಶುರು ಮಾಡಿದಳು. ಕೂಸಿನ ಬದಲಿಗೆ ಹೋಟೆಲಿನ ತಲೆದಿಂಬು.

“ಕಾಲು ಚಾಚು. ಎರಡೂ ಕೂಡಸು. ಹಾಂ, ಈಗ ಬೋರಲ ಹಾಕು. ಕುತ್ತಿಗಿ, ಕುತ್ತಿಗಿ ಹಿಡಿ! ಮೊದಲ ಕೈಗೆ ಎಣ್ಣಿ ಹಚ್ಚೀ ಇಲ್ಲೋ? ಸಿಮೆಂಟ್ ಕಲಸಿದ ಕೈ ಅವು, ಕೂಸಿನ ಮೈ ತರಚತಾವ.”

ತಾಯಣ್ಣ ದಿನಕ್ಕೆ ಮೂರು ಸಲ ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡ. ಆರನೆಯ ದಿನ ದಿಂಬು ಅವನ ಕಾಲಿನಿಂದ ಜಾರಿ ನೆಲಕ್ಕೆ ಬಿತ್ತು. ಮೂಕಮ್ಮ ನಕ್ಕುಬಿಟ್ಟಳು. ಅವನು ಮಾತ್ರ ಆ ದಿನ ಮಧ್ಯಾಹ್ನ ಬಾಗಿಲಿಗೆ ಬಂದ ಊಟದ ಡಬ್ಬಿಯನ್ನು ತೆರೆಯಲೇ ಇಲ್ಲ.

ಹನ್ನೊಂದನೆಯ ದಿನ ಮಗಳ ಮನೆ ಸೇರಿದ. ಹೊಕ್ಕಳು ಬಿದ್ದು ಒಂದು ದಿನವಾಗಿದ್ದ ಕೂಸು ಅವನ ತೋಳಿನಷ್ಟೂ ಉದ್ದ ಇರಲಿಲ್ಲ. ಅಳಿಯ ಸಂಜೀವ ಆಸ್ಪತ್ರೆಯಲ್ಲೇ ಉಳಿದಿದ್ದ. ವಿಶಾಖಾ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಬಚ್ಚಲಿನ ಬಾಗಿಲಲ್ಲಿ ನಿಂತಳು. ಕಿಟಕಿಗೆ ಒರಗಿಸಿದ ಫೋನಿನಲ್ಲಿ ಮೂಕಮ್ಮ.

ತಾಯಣ್ಣ ಪ್ಯಾಂಟು ಮೇಲಕ್ಕೆ ಮಡಚಿ, ಕಾಲು ಚಾಚಿ ಕೂತು, ಮೊಮ್ಮಗಳನ್ನು ಮಲಗಿಸಿಕೊಂಡ. ಮೊದಲ ಚೊಂಬಿಗೆ ಕೂಸು ಕೆಂಪಾಗಿ ಚೀರಿತು. ಅವನು ಬೆದರಿ ಫೋನಿನತ್ತ ನೋಡಿದ.

“ಅಳಲಿ ಬಿಡು. ಬೆನ್ನ ಮ್ಯಾಲೆ ಸಾವಕಾಶ ಹಾಕು.”

ಹಾಕಿದ. ನಾಲ್ಕನೆಯ ಚೊಂಬಿಗೆ ಅಳು ನಿಂತಿತು. ಆರನೆಯದಕ್ಕೆ ಕೂಸು ಬಾಯ್ತುಂಬ ಆಕಳಿಸಿತು. ಫೋನಿನಿಂದ “ಭೇಷ್!” ಎಂಬ ಕೂಗು ಬಂತು. ಒರೆಸಿ, ಬಟ್ಟೆ ಸುತ್ತಿ ಮಲಗಿಸಿ ಬಂದಾಗ ತಾಯಣ್ಣನ ಅಂಗಿಯಲ್ಲಿ ಒಣಗಿದ ಜಾಗವೇ ಇರಲಿಲ್ಲ.

“ಯಪ್ಪಾ,” ಎಂದಳು ವಿಶಾಖಾ ಮೆಲ್ಲಗೆ, “ನನ್ನ ತಲಿಗೂ ಎರಿತೀಯೇನು? ಕೈ ಎತ್ತಿದ್ರ ಹೊಲಿಗಿ ಜಗ್ತಾವ. ಆಪರೇಷನ್ ಆದಾಗಿಂದ ತಲಿಗೆ ನೀರಾ ಬಿದ್ದಿಲ್ಲ.”

ತಾಯಣ್ಣ ನಾಚಿಕೊಂಡ. ಬೆಳೆದ ಮಗಳು, ಬಾಣಂತಿ.

“ಏನು ನೋಡ್ತಿ?” ಫೋನು ಗದರಿತು. “ಮಗಳಲ್ಲೇನು?”

ಬಕೆಟ್ಟಿಗೆ ಮತ್ತೆ ಬಿಸಿನೀರು ಬಿಟ್ಟ. ಮಗಳನ್ನು ಸ್ಟೂಲಿನ ಮೇಲೆ ಕೂಡಿಸಿ, ಹೆಗಲಿಗೆ ಟವೆಲ್ ಹೊದಿಸಿ, ಕೂದಲು ಬಿಚ್ಚಿದ. ಅವಳ ತಲೆಯ ಮೇಲೆ ಕೈ ಆಡಿಸಿ ಎಷ್ಟು ವರ್ಷವಾಯಿತೋ ಅವನಿಗೆ ನೆನಪಾಗಲಿಲ್ಲ. ಇವಳು ತಮ್ಮೂರು ಮಸರಕಲ್ಲಿನಲ್ಲಿ ಹುಟ್ಟಿದಾಗ ಅವನು ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ. ಊರಿಗೆ ಬರುವಷ್ಟರಲ್ಲಿ ಅಂಬೆಗಾಲಿಡುತ್ತಿದ್ದಳು. ತಿಕ್ಕುತ್ತ ತಿಕ್ಕುತ್ತ ಅವನ ಕೈ ನಿಧಾನವಾಯಿತು.

“ಮೂಕಿ,” ಎಂದ ಫೋನಿನತ್ತ ತಿರುಗದೆ. “ಇಕಿ ಹುಟ್ಟಿದಾಗ ನಿಮ್ಮವ್ವ ತೀರಿಕೊಂಡು ವರ್ಷ ಆಗಿತ್ತು. ನಾನೂ ಊರಾಗ ಇದ್ದಿಲ್ಲ. ಆವಾಗ ನಿನಗ ಯಾರು ಎರದ್ರು?”

“ನನಗ ಯಾರು ಎರಿತಾರ?” ಮೂಕಮ್ಮ ಸಹಜವಾಗಿಯೇ ಹೇಳಿದಳು. “ಕೂಸಿಗೆ ಎರದು ಉಳದ ನೀರು ನಾನಾ ಹಾಕ್ಕೊಂತಿದ್ನಿ. ಒಮ್ಮೊಮ್ಮಿ ಉಳಿತಿದ್ದಿಲ್ಲ.”

ತುಂಬಿದ ಚೊಂಬು ತಾಯಣ್ಣನ ಕೈಯಲ್ಲೇ ನಿಂತಿತು. ನೊರೆಯ ಕೆಳಗೆ ಕಣ್ಣು ಮುಚ್ಚಿ ಕೂತಿದ್ದ ವಿಶಾಖಾ ಫೋನಿನತ್ತ ತಲೆ ಎತ್ತಿದಳು.

“ಯಾಕ ನಿಂತಿ?” ಸಮುದ್ರದಾಚೆಯಿಂದ ಮೂಕಮ್ಮನ ದನಿ ಬಂತು. “ಹಾಕು, ಹಾಕು. ನೀರು ಆರಾಕತ್ತಾವ.”