ತಾನಾಗಿಯೇ ಬಿದ್ದ ಪಗಡಿ

“‘ಆಟದ ವೇಳೆ ವಿದ್ಯಾರ್ಥಿಯ ಪಗಡಿ ತಾನಾಗಿಯೇ ಬಿದ್ದಿರುತ್ತದೆ.’ ಇದನ್ನ ಬರೆದವರು ಯಾರು ಸರ್?” ವಕೀಲೆ ಶಾಲೆಯ ಉತ್ತರವನ್ನು ಮೇಜಿನ ಮೇಲಿಟ್ಟಳು.

“ನಾನೇ,” ಎಂದರು ಹೆಡ್‌ಮಾಸ್ಟರ್. ಒಂಬತ್ತನೇ ತರಗತಿಯ ಹುಡುಗರ ನಡುವೆ ನಿಂತರೆ ಕಾಣದಷ್ಟು ಕುಳ್ಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. “ನೀವು ನೋಟಿಸ್ ಕೊಟ್ರಿ. ಹತ್ತು ದಿನದೊಳಗೆ ಉತ್ತರ ಕೊಡಿ ಅಂದ್ರಿ, ಕೊಟ್ಟಿದ್ದೀನಿ. ಯಾರು ಎಳೆದ್ರು ಅಂತ ನಿಮ್ಮ ಹುಡುಗನಿಗೇ ಗೊತ್ತಿಲ್ಲ. ನಾನು ಯಾರ ಮೇಲೆ ಕ್ರಮ ತಗೊಳ್ಳಲಿ?”

“ಹಿಂದಿನಿಂದ ಎಳೆದ್ರು ಸರ್. ತಿರುಗಿ ನೋಡೋಷ್ಟರಲ್ಲಿ ಎಲ್ಲರೂ ನಗ್ತಾ ಇದ್ರು,” ಎಂದ ಪಕ್ಕದಲ್ಲಿ ಕೂತಿದ್ದ ಹುಡುಗ. ವಕೀಲೆಯ ಅಣ್ಣನ ಮಗ. ಇಡೀ ಶಾಲೆಗೆ ಅವನೊಬ್ಬನೇ ಸಿಖ್ಖ. ತಿಂಗಳಲ್ಲಿ ಇದು ನಾಲ್ಕನೇ ಸಲ. ನಿನ್ನೆ ಶಾಲೆಯ ಉತ್ತರ ಓದಿ ಅವನು ಅತ್ತೆಯ ಹತ್ತಿರ ಕತ್ತರಿ ಕೇಳಿದ್ದ. ಹುಟ್ಟಿದಂದಿನಿಂದ ಕತ್ತರಿ ಮುಟ್ಟದ ಕೂದಲು. ಅದನ್ನೇ ಕತ್ತರಿಸಿಬಿಟ್ಟರೆ ಕಟ್ಟುವುದೂ ಇಲ್ಲ, ಬೀಳುವುದೂ ಇಲ್ಲ ಎಂದಿದ್ದ. ಅತ್ತೆ ಕತ್ತರಿ ಕೊಟ್ಟಿರಲಿಲ್ಲ.

“ತಿಪ್ಪೆ ಸಾರಿಸೋದು ಸಾಕು ಸರ್. ಇಲ್ಲೇ ಪರೀಕ್ಷೆ ಮಾಡೋಣ. ನೀವು ಕಟ್ಟಿಸ್ಕೊಳ್ಳಿ. ತಾನಾಗಿಯೇ ಬಿದ್ರೆ ನೋಟಿಸ್ ವಾಪಸ್ ತಗೊಳ್ತೀನಿ.” ವಕೀಲೆ ಫೈಲುಗಳ ನಡುವಿನಿಂದ ಐದು ಮೀಟರ್ ನೀಲಿ ಬಟ್ಟೆ ತೆಗೆದಳು. ಇಷ್ಟಕ್ಕೇ ಕೇಸು ಮುಗಿಯುವುದಾದರೆ ಯಾರು ಬೇಡವೆನ್ನುತ್ತಾರೆ? ಹೆಡ್‌ಮಾಸ್ಟರ್ ಒಪ್ಪಿದರು.

“ಆ ತುದಿ ಹಿಡ್ಕೊಳ್ಳಿ ಸರ್. ಬಿಗಿಯಾಗಿ,” ಎಂದ ಹುಡುಗ. ಪಗಡಿಯ ಬಟ್ಟೆಯನ್ನು ಎಳೆದು ಮಡಿಸಲು ಇಬ್ಬರು ಬೇಕು. ಹೆಡ್‌ಮಾಸ್ಟರ್ ಹಿಂದೆ ಹಿಂದೆ ಹೋಗಿ ಬೀರುವಿಗೆ ಬೆನ್ನು ತಾಗಿಸಿ ನಿಂತರು. ಆಮೇಲೆ ಕುರ್ಚಿಯಲ್ಲಿ ಕೂತರು. “ಅಲ್ಲಾಡಬೇಡಿ ಸರ್. ನೇರ ನೋಡಿ.” ದಿನಾ ಮಕ್ಕಳಿಗೆ ಹೇಳುವ ಮಾತು ಇವತ್ತು ಅವರ ತಲೆಗೇ ಬಂತು. ತಿಂಗಳಾದ ಮೇಲೆ ಹುಡುಗನ ಮುಖದಲ್ಲಿ ನಗು ಕಂಡು ಅತ್ತೆಗೆ ಅರ್ಧ ಕೇಸು ಗೆದ್ದಷ್ಟು ಖುಷಿ.

ಹೆಡ್‌ಮಾಸ್ಟರ್ ಬಗ್ಗಿದರು, ಸ್ಟೂಲಿನಿಂದ ಧುಮುಕಿದರು, ತಲೆಯನ್ನು ಜೋರಾಗಿ ಒದರಿದರು. ಕನ್ನಡಕ ಹಾರಿ ಬಿತ್ತು. ಪಗಡಿ ಮಿಸುಕಲಿಲ್ಲ.

“ಕನ್ನಡಕ ತಾನಾಗಿಯೇ ಬಿದ್ದಿರುತ್ತದೆ, ಬರ್ಕೊಳ್ಳಿ ಸರ್,” ಎಂದಳು ವಕೀಲೆ.

“ರೂಮಲ್ಲಿ ಏನೋ ಸರಿ. ಹುಡುಗರು ಓಡ್ತಾರಲ್ಲ? ನಾನೂ ಓಡಿ ಬರ್ತೀನಿ.” ಅವರು ಹೊರಬಿದ್ದದ್ದಕ್ಕೂ ಊಟದ ಗಂಟೆ ಹೊಡೆದದ್ದಕ್ಕೂ ಸರಿಹೋಯಿತು. ಕಾರಿಡಾರ್ ತುಂಬ ಮಕ್ಕಳು. ಹಿಂದಿದ್ದ ಹುಡುಗರಿಗೆ ಪಗಡಿ ಕಂಡಿತು. ಅದರ ಕೆಳಗಿನ ಮುಖ ಕಾಣಲಿಲ್ಲ.

ಹೆಡ್‌ಮಾಸ್ಟರ್ ವಾಪಸ್ ಬಂದಾಗ ಬಟ್ಟೆ ಕೊರಳಿನಿಂದ ನೆಲದವರೆಗೆ ಜೋತುಬಿದ್ದಿತ್ತು. ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಿದ್ದರು.

“ಯಾರು ಸರ್?” ವಕೀಲೆ ಪೆನ್ನು ತೆಗೆದಳು.

“ಹಿಂದಿನಿಂದ ಎಳೆದ್ರು. ತಿರುಗಿ ನೋಡೋಷ್ಟರಲ್ಲಿ ಎಲ್ಲರೂ...” ಅಲ್ಲಿಗೇ ಅವರ ಮಾತು ನಿಂತಿತು. ಕುರ್ಚಿಗೆ ಬಂದು ಕೂತರು. ಆಮೇಲೆ ತಾವೇ ಬರೆದ ಉತ್ತರವನ್ನು ಹರಿದು, ಹೊಸ ಹಾಳೆ ತೆಗೆದುಕೊಂಡರು.

ಹುಡುಗ ಅವರ ಕೊರಳಲ್ಲಿದ್ದ ಬಟ್ಟೆಯನ್ನು ಬಿಡಿಸಿ ಕೊಡವಿ, ಒಂದು ತುದಿಯನ್ನು ಅವರ ಕೈಗಿಟ್ಟ.

“ಹಿಡ್ಕೊಳ್ಳಿ ಸರ್, ಇನ್ನೊಂದ್ಸಲ ಕಟ್ತೀನಿ. ಈ ಸಲ ಒಬ್ಬರೇ ಹೋಗಬೇಡಿ, ನಾನೂ ಜೊತೆಗೆ ಬರ್ತೀನಿ.”